ಸುಲ್ತಾನನ ತಂದೆ

2005ರ ನವೆಂಬರ್ 3, ಗುರುವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ತೆಲುಗು ನಾಡಿನ ಮೊಯಿನಾಬಾದ್ ಪೊಲೀಸ್ ಠಾಣೆಯ ಮುಂದೆ ಬೆಳ್ಳಿ ಬಣ್ಣದ ದೊಡ್ಡ ಕಾರೊಂದು ಬಂದು ನಿಂತಿತು. ಅದರಿಂದ ಇಳಿದವನು ಒಳಗೆ ಬಂದು, ತನ್ನ ಕುದುರೆಯ ಅಪ್ಪ ಯಾರೆಂದು ಪೊಲೀಸರು ಪತ್ತೆಮಾಡಿ ಕೊಡಬೇಕು ಎಂದ.

ಠಾಣೆಯ ರೈಟರ್ ಪೆನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕುಣಿಯುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಸಬ್ ಇನ್‌ಸ್ಪೆಕ್ಟರ್ ಶಿವದೇವಿ ಮಾತ್ರ ನಗಲಿಲ್ಲ, ಬಂದವನಿಗೆ ಕುರ್ಚಿ ತೋರಿಸಿದಳು. ಅವಳ ಅಪ್ಪ ಗುಲಬರ್ಗಾ ಕಡೆಯಿಂದ ಬಂದು ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ನಡೆಸಿದವರು, ಮಗಳು ಪೊಲೀಸ್ ಅಧಿಕಾರಿಯಾದಾಗ ಕಾಲೊನಿಗೆಲ್ಲ ಜಿಲೇಬಿ ಹಂಚಿದವರು. ಈ ಠಾಣೆಯ ಜವಾಬ್ದಾರಿ ಹೊತ್ತ ಮೊದಲ ಹೆಂಗಸು ಅವಳು. ಎಂಟು ತಿಂಗಳಲ್ಲಿ ‘ಪತ್ತೆಯಾಗಲಿಲ್ಲ’ ಎಂದು ಬರೆದು ಮುಚ್ಚಿದ ಕಡತ ಒಂದೂ ಇರಲಿಲ್ಲ. ಆ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು, ಇದ್ದರೆ ತಪ್ಪೇನು ಎಂಬ ಧೈರ್ಯವೂ ಇತ್ತು.

ದೂರುದಾರನ ಹೆಸರು ಮನೋಜ, ಮೈಸೂರಿನವನು. ಮಾಧಾಪುರದಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಆರಂಭಿಸಿದ ಸಾಫ್ಟ್‌ವೇರ್ ಕಂಪನಿ ಈಗ ಮೂರು ಮಹಡಿಗೆ ಹಬ್ಬಿತ್ತು. ದುಡ್ಡು ಬಂದ ಕಾಲಕ್ಕೆ ಬೇರೆಯವರು ಬಂಗಲೆ ಕಟ್ಟಿಸಿದರೆ ಇವನು ಗುಲ್‌ಮೊಹರ್ ಎಂಬ ಒಳ್ಳೆಯ ತಳಿಯ ಹೆಣ್ಣು ಕುದುರೆ ಕೊಂಡ. 2001ರ ಮಾರ್ಚಿನಲ್ಲಿ ಅದನ್ನು ಮೊಯಿನಾಬಾದಿನಾಚೆ ಇರುವ ಪದ್ಮನಾಭ ಎಂಬವರ ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮಿಗೆ ಕಳಿಸಿ, ಐರ್ಲೆಂಡಿನಿಂದ ತರಿಸಿದ ಕಿಲ್ಡೇರ್ ಕೀಪರ್ ಎಂಬ ಗಂಡು ಕುದುರೆಯ ಜತೆ ಕೂಡಿಸಿದ. ಮರುವರ್ಷ ಹುಟ್ಟಿದ ಗಂಡು ಮರಿಗೆ ಸಿಲಿಕಾನ್ ಸುಲ್ತಾನ್ ಎಂದು ಹೆಸರಿಟ್ಟ. ಮೂರು ವರ್ಷದ ಆ ಕುದುರೆ ಮಲಕ್‌ಪೇಟೆಯ ರೇಸ್‌ಕೋರ್ಸಿನಲ್ಲಿ ಐದು ಸಲ ಓಡಿ ಐದು ಸಲವೂ ಗೆದ್ದಿತ್ತು. ಡಿಸೆಂಬರ್ 4ರ ಭಾನುವಾರದ ದೊಡ್ಡ ಕಪ್ಪಿಗೆ ಊರೆಲ್ಲ ಅದರ ಹೆಸರನ್ನೇ ಹೇಳುತ್ತಿತ್ತು.

ಅಷ್ಟರಲ್ಲಿ ತಳಿ ನೋಂದಣಿ ಕಚೇರಿಯಿಂದ ಪತ್ರ ಬಂತು. ಮೊದಲು ಮರಿಗಳಿಗೆ ರಕ್ತದ ಗುಂಪು ನೋಡಿ ನೋಂದಾಯಿಸುತ್ತಿದ್ದರು, ಈಗ ಎಲ್ಲದಕ್ಕೂ ಹೊಸದಾಗಿ ಡಿಎನ್‌ಎ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆಯ ಪ್ರಕಾರ ಸುಲ್ತಾನನ ತಾಯಿ ಗುಲ್‌ಮೊಹರ್ ಹೌದು, ತಂದೆ ಮಾತ್ರ ಕಿಲ್ಡೇರ್ ಕೀಪರ್ ಅಲ್ಲವೇ ಅಲ್ಲ. ನಿಜವಾದ ತಂದೆ ಯಾವ ಕುದುರೆ ಎಂಬುದಕ್ಕೆ ಡಿಎನ್‌ಎ ಸಾಕ್ಷ್ಯ, ಜತೆಗೆ ಕೂಡಿಸಿದಾಗ ಎದುರಿಗಿದ್ದವರ ಸಹಿ ಮಾಡಿದ ಹೇಳಿಕೆ, ಎರಡೂ ನವೆಂಬರ್ 30ರೊಳಗೆ ತಲುಪಬೇಕು. ಇಲ್ಲದಿದ್ದರೆ ತಳಿಪುಸ್ತಕದಿಂದ ಸುಲ್ತಾನನ ಹೆಸರು ಹೊಡೆದುಹಾಕುತ್ತಾರೆ.

“ಹೆಸರು ಹೊಡೆದರೆ ಏನಾಗುತ್ತೆ?” ಶಿವದೇವಿ ಕೇಳಿದಳು.

“ಯಾವ ರೇಸ್‌ಕೋರ್ಸಿನ ಗೇಟೊಳಕ್ಕೂ ಬಿಡಲ್ಲ ಮೇಡಂ. ಎಷ್ಟೇ ಓಡಲಿ, ಅದು ರೇಸ್ ಕುದುರೆಯೇ ಅಲ್ಲ ಅಂತಾರೆ. ಮದುವೆ ಮೆರವಣಿಗೆಗೆ ಕೊಡಬೇಕು ಅಷ್ಟೆ.”

ಅವನಿಗೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗಿತ್ತು. ಶಿವದೇವಿ ಎಫ್‌ಐಆರ್ ಸಂಖ್ಯೆ 187/2005 ದಾಖಲಿಸಿದಳು: ಕಲಂ 420, ವಂಚನೆ, ಆರೋಪಿ ಯಾರೆಂದು ತಿಳಿದಿಲ್ಲ. ಮಧ್ಯಾಹ್ನ ಸರ್ಕಲ್ ಆಫೀಸಿನಿಂದ ಫೋನು ಬಂತು. ಕುದುರೆ ಜೀವನಾಂಶ ಕೇಳಿದೆಯೋ ಹೇಗೆ ಎಂದು ಅಲ್ಲಿಯವರು ತೆಲುಗಿನಲ್ಲಿ ವಿಚಾರಿಸಿ ಬಿದ್ದು ಬಿದ್ದು ನಕ್ಕರು. ಅವಳು ಹೌದು ಸಾರ್ ಎಂದಳು, ಫೋನಿಟ್ಟ ಮೇಲೆ ಹೆಡ್ ಕಾನ್‌ಸ್ಟೇಬಲ್ ಬಂಡೆಪ್ಪನನ್ನು ಕರೆದು ಮರುದಿನ ಏಳಕ್ಕೆ ಜೀಪು ಸಿದ್ಧವಿರಲಿ ಎಂದಳು. ಬಂಡೆಪ್ಪ ಭಾಲ್ಕಿಯವನು, ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಠಾಣೆಯಲ್ಲಿ ಕನ್ನಡ ಬರುವವರು ಅವರಿಬ್ಬರೇ ಆದ್ದರಿಂದ ಯಾರೆದುರಿಗೂ ಏನು ಬೇಕಾದರೂ ಮಾತಾಡಿಕೊಳ್ಳುವ ಸುಖ ಅವರಿಗಿತ್ತು.

ನವೆಂಬರ್ 4. ಚೇವೆಳ್ಳ ರಸ್ತೆಯ ಎರಡೂ ಬದಿ ಸೈಟುಗಳ ಬಿಳಿ ಕಲ್ಲು ನೆಟ್ಟಿದ್ದರು. ಇಂಜಿನಿಯರಿಂಗ್ ಕಾಲೇಜುಗಳ ಫಲಕ ಒಂದರ ಹಿಂದೆ ಒಂದು. ಅವುಗಳ ನಡುವೆ ಅರವತ್ತು ಎಕರೆ ಹಸಿರಾಗಿ ಉಳಿದದ್ದು ಪದ್ಮನಾಭರ ಫಾರ್ಮೊಂದೇ. ಎಪ್ಪತ್ತರ ಪದ್ಮನಾಭ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ಗೇಟಿನ ಬಳಿಯೇ ನಿಂತಿದ್ದರು. ತಮ್ಮ ತಂದೆ ಕಟ್ಟಿದ ಫಾರ್ಮಿದು, ಬಿಲ್ಡರುಗಳು ವಾರಕ್ಕೊಬ್ಬರು ಬಂದು ಹೋಗುತ್ತಾರೆ, ತಾವು ಯಾರಿಗೂ ಕುಡಿಯಲು ನೀರು ಸಹ ಕೊಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿ, ಪೊಲೀಸರಿಗೆ ಮಾತ್ರ ಚಹಾ ತರಿಸಿದರು.

ಕುದುರೆ ಕೂಡಿಸುವ ರಿಜಿಸ್ಟರನ್ನು ತಾವಾಗಿಯೇ ತಂದು ಮುಂದಿಟ್ಟರು. ರೇಸ್ ತಳಿಯಲ್ಲಿ ಸೂಜಿ ಚುಚ್ಚಿ ಗಬ್ಬ ಕಟ್ಟಿಸುವಂತಿಲ್ಲ, ಗಂಡು ಹೆಣ್ಣು ಎದುರಾಬದುರು ಕೂಡಲೇಬೇಕು, ಅದನ್ನು ನೋಡಿದವರು ಸಹಿ ಹಾಕಬೇಕು. ಗುಲ್‌ಮೊಹರ್ ಹೆಸರಿನ ಮುಂದೆ ಎರಡು ದಾಖಲೆಗಳಿದ್ದವು. 14 ಮಾರ್ಚ್ 2001, ಬೆಳಿಗ್ಗೆ 6.30. 16 ಮಾರ್ಚ್ 2001, ಬೆಳಿಗ್ಗೆ 6.30. ಎರಡರಲ್ಲೂ ಗಂಡು ಕಿಲ್ಡೇರ್ ಕೀಪರ್. ಕೆಳಗೆ ಪದ್ಮನಾಭರ ಸಹಿ ಮತ್ತು ಲಾಯದ ಜಮಾದಾರ ಪ್ರಹ್ಲಾದನ ಹೆಬ್ಬೆಟ್ಟು.

“ಎರಡು ದಿನವೂ ನೀವೇ ನೋಡಿದ್ದೀರಾ?”

“ನನ್ನ ಕಣ್ಣೆದುರೇ.”

“ಆಗ ಫಾರ್ಮಿನಲ್ಲಿ ಎಷ್ಟು ಗಂಡು ಕುದುರೆ ಇದ್ದವು?”

“ಕೆಲಸಕ್ಕೆ ಇದ್ದದ್ದು ಕಿಲ್ಡೇರ್ ಒಂದೇ. ನೌಬತ್ ಅಂತ ಒಂದು ಮುದಿ ಕುದುರೆ ಇತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಗಲೇ ಇಪ್ಪತ್ತೆರಡು ವರ್ಷ. ಎರಡು ವರ್ಷದ ಹಿಂದೆ ಸತ್ತುಹೋಯಿತು, ಅಲ್ಲಿ ಬೇವಿನ ಮರದ ಕೆಳಗೆ ಹೂಳಿದ್ದೇವೆ.”

ಶಿವದೇವಿ ಸ್ಥಳ ಪಂಚನಾಮೆ ಬರೆಸಿ ರಿಜಿಸ್ಟರ್ ಜಪ್ತಿ ಮಾಡಿಕೊಂಡಳು. ದಾರಿಯಲ್ಲಿ ಅವಳ ತಲೆ ಕೊರೆದದ್ದು ಒಂದೇ ಸಂಗತಿ. ವಂಚನೆ ಎಂದ ಮೇಲೆ ಯಾರಿಗಾದರೂ ಲಾಭವಾಗಿರಬೇಕು. ಇಲ್ಲಿ ಫಾರ್ಮಿನವರಿಗೆ ಕೆಟ್ಟ ಹೆಸರು, ಮನೋಜನಿಗೆ ನಷ್ಟ, ಯಾರ ಕೈಗೂ ಏನೂ ಬಂದಿಲ್ಲ. ಇಂಥ ಕಳ್ಳತನವನ್ನು ಅವಳು ತನ್ನ ಹನ್ನೆರಡು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

ನವೆಂಬರ್ 5ರಂದು ಅವರು ಹೋದದ್ದು ಮೆಹದಿಪಟ್ಟಣಕ್ಕೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಪಶುವೈದ್ಯೆ ಉಷಾ ಅವರ ಆಸ್ಪತ್ರೆ. ಫಾರ್ಮಿನ ಕುದುರೆಗಳನ್ನು ನೋಡುತ್ತಿದ್ದವರು ಅವರೇ. ಭೇಟಿ ಕೊಟ್ಟ ದಿನವೆಲ್ಲ ಡೈರಿ ಬರೆಯುವ ಅಭ್ಯಾಸ ಅವರದು, ಹದಿನೇಳು ವರ್ಷದ ಡೈರಿಗಳು ಕಪಾಟಿನಲ್ಲಿ ಸಾಲಾಗಿದ್ದವು. 2001ರದ್ದನ್ನು ತೆಗೆದು ಓದಿದಾಗ ಅವರ ಹುಬ್ಬು ಗಂಟಾಯಿತು. ಮಾರ್ಚ್ 15ರ ಸಂಜೆ ಕಿಲ್ಡೇರ್ ಕೀಪರ್ ಹಿಂದಿನ ಎಡಗಾಲು ಊರುತ್ತಿರಲಿಲ್ಲ. 16ರ ಬೆಳಿಗ್ಗೆ ಏಳಕ್ಕೆ ಗೊರಸು ಕೊರೆದು ಕೀವು ತೆಗೆದಿದ್ದರು, ನಾಲ್ಕು ಜನ ಹಿಡಿದುಕೊಂಡಿದ್ದರು. ಹಿಂಗಾಲು ಊರಲಾಗದ ಕುದುರೆ ಅರ್ಧ ಗಂಟೆ ಮೊದಲು ಹೆಣ್ಣಿನ ಮೇಲೆ ಏರಿತ್ತೆಂದರೆ ತಾನು ಓದಿದ ವಿದ್ಯೆಯೇ ಸುಳ್ಳು ಎಂದರು ಡಾಕ್ಟರು. ಆ ದಿನ ಪದ್ಮನಾಭರು ಫಾರ್ಮಿನಲ್ಲಿ ಇರಲೇ ಇಲ್ಲ ಎಂದೂ ಸೇರಿಸಿದರು.

ಮರಿ ಹುಟ್ಟಿದ ದಿನ ಅವರು ಅಲ್ಲಿದ್ದರೇ ಎಂದು ಶಿವದೇವಿ ಕೇಳಿದಳು. ಇದ್ದರು. 2002ರ ಫೆಬ್ರವರಿ 19, ಹೆರಿಗೆ ಸಲೀಸಾಗಿತ್ತು. ಬೇರೇನಾದರೂ ವಿಶೇಷ? ಡಾಕ್ಟರು ಸ್ವಲ್ಪ ಯೋಚಿಸಿ ನಕ್ಕರು. ಮರಿ ಹುಟ್ಟಿದಾಗ ಅದರ ತಂದೆಯ ಲಾಯದ ಬಾಗಿಲಲ್ಲಿ ಜಮಾದಾರ ತೆಂಗಿನಕಾಯಿ ಒಡೆಯಬೇಕು, ಅದು ಆ ಫಾರ್ಮಿನ ಪದ್ಧತಿ. ಅಂದು ಪ್ರಹ್ಲಾದ ಕಾಯಿ ಹಿಡಿದು ಕಿಲ್ಡೇರ್‌ನ ಬಾಗಿಲು ದಾಟಿ ಹೋಗಿ, ಕೊನೆಯ ಲಾಯದಲ್ಲಿದ್ದ ನೌಬತ್‌ನ ಮುಂದೆ ಒಡೆದಿದ್ದ. ಮುದುಕನ ಮೇಲೆ ಮುದುಕನಿಗೆ ಪ್ರೀತಿ ಎಂದುಕೊಂಡು ಅವರು ಸುಮ್ಮನಾಗಿದ್ದರು.

ಬಂಡೆಪ್ಪ ಶಿವದೇವಿಯ ಮುಖ ನೋಡಿದ. ಅವಳು ಆಗಲೇ ಎದ್ದು ನಿಂತಿದ್ದಳು.

ಅದೇ ಸಂಜೆ ಪದ್ಮನಾಭ ಒಪ್ಪಿಕೊಂಡರು. 16ರಂದು ಅವರು ಊರೊಳಗೆ ಮಗಳ ನಿಶ್ಚಿತಾರ್ಥದಲ್ಲಿದ್ದರು. ಮರಳಿ ಬಂದ ಮೇಲೆ ಜಮಾದಾರ ಆಯಿತೆಂದ, ಇವರು ರಿಜಿಸ್ಟರಿಗೆ ಸಹಿ ಹಾಕಿದರು. ಕಿಲ್ಡೇರ್‌ನ ಕಾಲಿನ ಸುದ್ದಿ ಕೇಳಿ ಅನುಮಾನ ಬರಲಿಲ್ಲವೇ ಎಂದರೆ ತಲೆ ತಗ್ಗಿಸಿದರು. ಮೂವತ್ತೈದು ವರ್ಷದಲ್ಲಿ ಪ್ರಹ್ಲಾದನ ಮಾತನ್ನು ತಾವು ಎಂದೂ ಅನುಮಾನಿಸಿದ್ದೇ ಇಲ್ಲ ಎಂದರು. ನಂತರ ಹಳೆಯ ಕುದುರೆಗಳ ಗುರುತಿನ ಪಾಸ್‌ಪೋರ್ಟುಗಳನ್ನು ಕೇಳಿದಾಗ ಬೀರುವಿನ ಬೀಗದ ಕೈ ಕೊಟ್ಟರು.

ಪಾಸ್‌ಪೋರ್ಟು ಬೇಕೆಂದವನು ಬಂಡೆಪ್ಪ. ಅವನ ಅಪ್ಪ ಭಾಲ್ಕಿ ಸೀಮೆಯ ದನದ ದಲಾಲಿ, ಸುಳಿ ನೋಡಿ ಎತ್ತಿನ ಜಾತಕ ಹೇಳುತ್ತಿದ್ದವರು. ರೇಸ್ ಕುದುರೆಯ ಪಾಸ್‌ಪೋರ್ಟಿನಲ್ಲೂ ಮೈಮೇಲಿನ ಸುಳಿಗಳನ್ನೆಲ್ಲ ಚಿತ್ರದಲ್ಲಿ ಗುರುತು ಮಾಡಿರುತ್ತಾರೆಂದು ತಿಳಿದಾಗ ಬಂಡೆಪ್ಪನಿಗೆ ತನ್ನ ಅಪ್ಪನ ವಿದ್ಯೆ ಸರ್ಕಾರಿ ಮಾನ್ಯತೆ ಪಡೆದಷ್ಟು ಸಂತೋಷವಾಯಿತು. ನವೆಂಬರ್ 6ರ ಬೆಳಿಗ್ಗೆ ಇಬ್ಬರೂ ಮಲಕ್‌ಪೇಟೆಗೆ ಹೋಗಿ ಸುಲ್ತಾನನನ್ನು ನೋಡಿದರು.

ಶಿವದೇವಿ ಕುದುರೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೆಂಪು ಮೈ, ಉದ್ದ ಕಾಲು, ಸ್ನಾನ ಮುಗಿಸಿ ಬಿಸಿಲಿಗೆ ನಿಂತಿತ್ತು. ಇವರ ಖಾಕಿಯನ್ನು ಒಮ್ಮೆ ನೋಡಿ, ತನಗೆ ಸಂಬಂಧಪಟ್ಟದ್ದಲ್ಲ ಎಂಬಂತೆ ಮುಖ ಆಚೆ ತಿರುಗಿಸಿತು. ಎಷ್ಟು ಚೆಂದದ ಪ್ರಾಣಿ ಎಂದು ಅವಳಿಗೆ ಎದೆ ತುಂಬಿ ಬಂತು. ಇದನ್ನು ಮದುವೆ ಮೆರವಣಿಗೆಗೆ ಕಟ್ಟಲು ಬಿಡಬಾರದು ಎಂದು ಆ ಗಳಿಗೆಯಲ್ಲೇ ನಿಶ್ಚಯ ಮಾಡಿದಳು. ಬಂಡೆಪ್ಪ ಅದರ ಗಂಟಲ ಕೆಳಗೆ ಕೈಯಾಡಿಸಿ ಎರಡು ಸುಳಿ ತೋರಿಸಿದ, ಒಂದರ ಪಕ್ಕ ಒಂದು. ಕಿಲ್ಡೇರ್‌ನ ಪಾಸ್‌ಪೋರ್ಟಿನಲ್ಲಿ ಗಂಟಲ ಬಳಿ ಸುಳಿಯಿಲ್ಲ, ಗುಲ್‌ಮೊಹರ್‌ಗೂ ಇಲ್ಲ. ನೌಬತ್‌ನ ಚಿತ್ರದಲ್ಲಿ ಗಂಟಲ ಕೆಳಗೆ ಎರಡು ಗುರುತು.

“ಇದು ಸಾಕ್ಷಿ ಆಗೂದಿಲ್ಲ ಬಂಡೆಪ್ಪಾರ.”

“ಕೋರ್ಟಿಗೆ ಅಲ್ಲರಿ ಮೇಡಂ, ನಮಗ.”

ನವೆಂಬರ್ 8, ಮಧ್ಯಾಹ್ನ ಮೂರು ಗಂಟೆ. ಫಾರ್ಮಿನ ಕಚೇರಿ ಕೋಣೆಯಲ್ಲಿ ಪ್ರಹ್ಲಾದನ ವಿಚಾರಣೆ. ಅರವತ್ತೈದರ ಸಣಕಲು ಆಳು, ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದ. ಹೆಂಡತಿ ಸತ್ತು ಹತ್ತು ವರ್ಷ, ಮಕ್ಕಳಿಲ್ಲ, ಲಾಯದ ಪಕ್ಕದ ಕೋಣೆಯೇ ಮನೆ. ಶಿವದೇವಿ ದಖ್ಖನಿ ಉರ್ದುವಿನಲ್ಲಿ ಕೇಳಿದಳು, ಅವನು ದಖ್ಖನಿಯಲ್ಲೇ ಉತ್ತರಿಸಿದ. 16ನೇ ತಾರೀಖು ಯಾವ ಕುದುರೆ ಕೂಡಿಸಿದೆ? ಕಿಲ್ಲೇದಾರ್. ಫಾರ್ಮಿನ ಆಳುಗಳೆಲ್ಲ ಆ ಐರಿಷ್ ಹೆಸರನ್ನು ತಮ್ಮ ನಾಲಗೆಗೆ ಹೀಗೆ ಹೊಂದಿಸಿಕೊಂಡಿದ್ದರು. ಅದರ ಕಾಲು ಕುಂಟುತ್ತಿತ್ತಲ್ಲ? ನೆನಪಿಲ್ಲ. ಕಾಯಿ ಯಾಕೆ ನೌಬತ್‌ನ ಬಾಗಿಲಲ್ಲಿ ಒಡೆದೆ? ನೆನಪಿಲ್ಲ. ಹೀಗೆ ಅರ್ಧ ಗಂಟೆ ಕಳೆಯಿತು. ಮುದುಕ ಗೋಡೆಯಂತೆ ನಿಂತಿದ್ದ.

ಬಂಡೆಪ್ಪನಿಗೆ ಬೇಸರವಾಯಿತು. ಬರೆಯುವುದನ್ನು ನಿಲ್ಲಿಸಿ, ಎಂದಿನಂತೆ ಯಾರಿಗೂ ತಿಳಿಯದ ಭಾಷೆಯಲ್ಲಿ ಮೇಡಂ ಕಡೆ ವಾಲಿ ಹೇಳಿದ.

“ಸುಮ್ನ ಹೊತ್ತ ಕಳಿಯಾಕತ್ತೀವಿ ನೋಡ್ರಿ. ಆ ಮುದಿ ಕುದುರಿಗೆ ನಿಲ್ಲಾಕ ತ್ರಾಣ ಇರಲಿಲ್ಲ, ಇನ್ನ ಹೆಣ್ಣಿನ ಹಂತ್ಯಾಕ ಏನ್ ಹೋದೀತು.”

“ಬಾಯಿ ಬಿಗಿಹಿಡಿದು ಮಾತಾಡ್ರಿ.”

ಹೇಳಿದವನು ಪ್ರಹ್ಲಾದ. ಅಚ್ಚ ಬೀದರ ಸೀಮೆಯ ಕನ್ನಡದಲ್ಲಿ. ಬಂಡೆಪ್ಪ ತಟ್ಟನೆ ಅವನ ಕಡೆ ತಿರುಗಿದ.

“ಹತ್ತೊಂಬತ್ತ ಸಲ ಓಡೈತಿ ನೌಬತ್. ಹದಿಮೂರ ಸಲ ಗೆದ್ದೈತಿ. ಎಂಬತ್ತಮೂರರಾಗ ದೊಡ್ಡ ಕಪ್ ಗೆದ್ದಾಗ ಹಿಂದಿನ ಕುದುರಿ ಕಣ್ಣಿಗೆ ಕಾಣಿಸ್ತಿರಲಿಲ್ಲ. ಇಪ್ಪತ್ತೆರಡನೇ ವರ್ಷದಾಗೂ ಅದು ಗಂಡs ಇತ್ತು. ತ್ರಾಣದ ಮಾತ ಅದರ ಮುಂದ ಆಡಬ್ಯಾಡ್ರಿ.”

ಆಡಿದ ಮೇಲೆ ಏನು ಆಡಿದೆನೆಂದು ಅವನಿಗೆ ತಿಳಿಯಿತು. ಶಿವದೇವಿ ಅವಸರ ಮಾಡಲಿಲ್ಲ. ನೋಂದಣಿ ಕಚೇರಿಯ ಪತ್ರ ತೆಗೆದು ಅದರಲ್ಲಿರುವುದನ್ನೆಲ್ಲ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು. ನವೆಂಬರ್ 30 ಕೊನೆಯ ದಿನ. ತಂದೆ ಯಾರೆಂದು ಸಾಬೀತಾಗದಿದ್ದರೆ ಸುಲ್ತಾನ ಇನ್ನು ಓಡುವುದಿಲ್ಲ, ಅದಕ್ಕೆ ಹುಟ್ಟುವ ಮರಿಗಳೂ ಓಡುವುದಿಲ್ಲ.

“ಪೂರಾ ಹೊಡದ ಹಾಕ್ತಾರೇನ್ರಿ?”

“ಪೂರಾ.”

ಪ್ರಹ್ಲಾದ ಕೈಮುಗಿದು ಲಾಯದ ಕಡೆ ಹೊರಟುಹೋದ. ಬಂಡೆಪ್ಪ ಇವತ್ತೇ ಎತ್ತಿಹಾಕಿಕೊಂಡು ಹೋಗೋಣ ಎಂದ. ಅವಳು ಬೇಡ ಎಂದಳು. ಒತ್ತಾಯಿಸಿ ಬಾಯಿ ಬಿಡಿಸಬಹುದು, ಅದರಿಂದ ಕುದುರೆಗೆ ಏನೂ ಸಿಗುವುದಿಲ್ಲ, ಅವನಾಗಿ ಬಂದರೆ ಮಾತ್ರ ಸಿಗುತ್ತದೆ ಎಂಬುದು ಅವಳ ಎಣಿಕೆ. ಅದರಲ್ಲಿ ಅಪಾಯವೂ ಇತ್ತು. ಮುದುಕ ರಾತ್ರೋರಾತ್ರಿ ಬಸ್ಸು ಹತ್ತಿಬಿಟ್ಟರೆ ಸರ್ಕಲ್ ಆಫೀಸಿನವರು ಅವಳ ಹೆಸರಿನಲ್ಲಿ ಹೊಸ ಜೋಕು ಕಟ್ಟುತ್ತಿದ್ದರು.

ನವೆಂಬರ್ 10, ಬೆಳಿಗ್ಗೆ 9.15. ಪ್ರಹ್ಲಾದ ಒಗೆದ ಧೋತರ ಉಟ್ಟು, ಒಂಬತ್ತು ಕಿಲೋಮೀಟರ್ ನಡೆದು ಠಾಣೆಗೆ ಬಂದ. ಈ ಸಲ ಕುಳಿತುಕೊಂಡ.

“ಸುಲ್ತಾನನ ತಂದಿ ನೌಬತ್ ಐತಿ. ಬರಕೋರಿ ತಾಯಿ.”

ಆ ದಿನ ಕಿಲ್ಲೇದಾರ ಮೂರು ಕಾಲಿನ ಮೇಲೆ ನಿಂತಿತ್ತು. ಗುಲ್‌ಮೊಹರ್‌ನ ಬೆದೆ ಇಳಿಯುವುದರಲ್ಲಿತ್ತು. ಮುಂದಿನ ಬೆದೆಗೆ ಇಪ್ಪತ್ತೊಂದು ದಿನ ಕಾಯಬಹುದಿತ್ತು, ಯಾರಾದರೂ ಕಾಯುತ್ತಿದ್ದರು. ಅವನು ಆಳುಗಳನ್ನೆಲ್ಲ ಕಿಲ್ಲೇದಾರನ ಗೊರಸಿಗೆ ಬಿಸಿನೀರು ಕಾಯಿಸಲು ಕಳಿಸಿ, ಸೌಮ್ಯ ಸ್ವಭಾವದ ಆ ಹೆಣ್ಣನ್ನು ಕಂಬಕ್ಕೆ ಕಟ್ಟಿ, ಕೊನೆಯ ಲಾಯದ ಬಾಗಿಲು ತೆಗೆದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಶಿವದೇವಿ ಅಷ್ಟನ್ನೂ ಬರೆದುಕೊಂಡಳು. ಅದಾದ ಮೇಲೆ ಒಂದು ಮಾತನ್ನು ಹೇಳಲೇಬೇಕಿತ್ತು. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನೋಂದಣಿ ಕಚೇರಿಗಂತೂ ಬರೀ ಹೇಳಿಕೆ ಸಾಲುವುದೇ ಇಲ್ಲ. ನೌಬತ್‌ನ ಡಿಎನ್‌ಎ ಎಲ್ಲೂ ತೆಗೆದಿಟ್ಟಿರಲಿಲ್ಲ. ತಹಸೀಲ್ದಾರರಿಗೆ ಬರೆದು ಬೇವಿನ ಮರದಡಿ ಅಗೆಸುವುದೊಂದೇ ದಾರಿ, ಎರಡು ಮಳೆಗಾಲ ಕಂಡ ಮಣ್ಣಿನಲ್ಲಿ ಏನು ಉಳಿದಿದೆಯೋ ದೇವರಿಗೇ ಗೊತ್ತು.

ಪ್ರಹ್ಲಾದ ಅಂಗಿಯ ಎಡತೋಳು ಮೇಲೆ ಸರಿಸಿದ. ರಟ್ಟೆಗೆ ಕೆಂಪು ಕೂದಲಿನ ಹೆಣೆದ ದಾರವೊಂದು ಕಟ್ಟಿತ್ತು, ಬೆವರಿಗೆ ಕಪ್ಪಾಗಿತ್ತು.

“ನೌಬತ್‌ನ ಕುತ್ತಿಗಿ ಕೂದಲಾ. ಸಾಯೂ ವರ್ಷ ಹೆಣದದ್ದು.”

“ಕತ್ತರಿಸಿದ ಕೂದಲು ಪರೀಕ್ಷೆಗೆ ಬರೂದಿಲ್ಲಂತ್ರಿ. ಬೇರು ಬೇಕಂತ.”

“ಕುದುರಿ ಕುತ್ತಿಗಿಗೆ ಕತ್ತರಿ ಹಚ್ಚೋದಿಲ್ಲ ತಾಯಿ. ನಾಕ ನಾಕ ಎಳಿ ಬೆರಳಿಗೆ ಸುತ್ತಿ ಬೇರ ಸಮೇತ ಕೀಳತೀವಿ. ಹಂಗ ಮಾಡಿದ್ರs ಸಮ ಬೀಳತೈತಿ. ನೋಡ್ರಿ, ಒಂದ ತುದಿಯೆಲ್ಲಾ ಬೇರs ಐತಿ.”

ನೋಡಿದಳು. ಹೆಣಿಗೆಯ ಗಂಟಿನೊಳಗೆ, ಗಾಳಿ ಬೆವರು ತಾಕದ ಕಡೆ, ಕೂದಲ ತುದಿಗಳಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳಿದ್ದವು. ಅವಳಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ ಮುದುಕನ ಮೇಲೆ ಮರುಕ ಬಂತು.

“ಇದನ್ನ ಕೊಟ್ರ ನಿಮ್ಮ ಮ್ಯಾಲಿನ ಕೇಸ್ ಗಟ್ಟಿ ಆಗತೈತಿ. ಕಚೇರಿಗೆ ನೀವು ಬರಕೊಡೋ ಹೇಳಿಕಿನೂ ಕೋರ್ಟ್‌ನಾಗ ನಿಮ್ಮ ವಿರುದ್ಧ ನಿಲ್ಲತೈತಿ. ಕೊಡಬೇಕಂತ ನಾ ಒತ್ತಾಯ ಮಾಡಾಕತ್ತಿಲ್ಲ. ತಿಳೀತಿಲ್ಲೋ?”

“ತಿಳೀತ್ರಿ. ಕೇಸ್ ನಂದು, ಹೆಸರು ಅದರದು.”

ದಾರದ ಗಂಟು ಒಂದೇ ಕೈಗೆ ಬಗ್ಗಲಿಲ್ಲ, ಬಂಡೆಪ್ಪ ಸಡಿಲಿಸಿ ಕೊಟ್ಟ. ಇಬ್ಬರು ಪಂಚರ ಎದುರು ಜಪ್ತಿ ಪಂಚನಾಮೆ ನಡೆಯಿತು. ಲಕೋಟೆಗೆ ಅರಗಿನ ಮುದ್ರೆ ಬಿತ್ತು. ಕೋರ್ಟಿನ ಪತ್ರದ ಸಮೇತ ಮರುದಿನವೇ ಅದು ನಾಚಾರಂನ ಪ್ರಯೋಗಾಲಯಕ್ಕೆ ಹೋಯಿತು. ನೋಂದಣಿ ಕಚೇರಿಗೆ ಕಳಿಸುವ ಹೇಳಿಕೆಯನ್ನು ಪ್ರಹ್ಲಾದ ನೋಟರಿಯ ಮುಂದೆ ಬರೆಸಿ ಹೆಬ್ಬೆಟ್ಟು ಒತ್ತಿದ.

ವರದಿ ಬಂದದ್ದು ನವೆಂಬರ್ 25ರ ಸಂಜೆ. ಸಿಲಿಕಾನ್ ಸುಲ್ತಾನನ ತಂದೆ ಆ ಕೂದಲಿನ ಕುದುರೆಯೇ, ಅನುಮಾನಕ್ಕೆ ಎಡೆಯಿಲ್ಲ. ಬಂಡೆಪ್ಪ ವರದಿಯನ್ನು ಎರಡು ಸಲ ಓದಿಸಿಕೊಂಡು, ನನ್ನಪ್ಪ ಬರೀ ಸುಳಿ ನೋಡಿ ಹೇಳ್ತಿದ್ದ ಎಂದು ಠಾಣೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಮನೋಜನ ಮುಖ ಮೊದಲು ಸಣ್ಣದಾಯಿತು. ಐರ್ಲೆಂಡಿನ ತಂದೆ ಹೋಗಿ ಮೊಯಿನಾಬಾದಿನ ತಂದೆ ಬಂದಿದ್ದ. ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ. ನೌಬತ್‌ನ ಹಳೆಯ ಓಟಗಳ ದಾಖಲೆಯೆಲ್ಲ ಹುಡುಕಿ ಓದಿದ್ದನಂತೆ. 1983ರಲ್ಲಿ ಅದು ಕಪ್ ಗೆದ್ದ ವೇಳೆಯನ್ನು ಹನ್ನೊಂದು ವರ್ಷ ಯಾವ ಕುದುರೆಯೂ ಮುರಿದಿರಲಿಲ್ಲ ಎಂದು, ತಾನೇ ಓಡಿದವನ ಹಾಗೆ ಹೇಳಿದ. ದೂರು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದೂ ಕೇಳಿದ. ಅದನ್ನು ನ್ಯಾಯಾಧೀಶರ ಮುಂದೆ ಹೇಳಿಕೊಳ್ಳಿ, ನನ್ನ ಕೆಲಸ ನಾನು ಮಾಡಬೇಕು ಎಂದಳು ಶಿವದೇವಿ.

ನೋಂದಣಿ ಕಚೇರಿಯ ತಿದ್ದುಪಡಿ ಆದೇಶ ಡಿಸೆಂಬರ್ 1ಕ್ಕೆ ಬಂತು. ಸಾಕ್ಷ್ಯವೆಲ್ಲ ಕೈಗೆ ಬಂದಿದ್ದರಿಂದ ಅಂದೇ ದಸ್ತಗಿರಿ ಮಾಡಬಹುದಿತ್ತು. ಆರೋಪಿ ಓಡಿಹೋಗುವ ಸಂಭವವಿಲ್ಲ, ದಸ್ತಗಿರಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಲಾಗಿದೆ ಎಂದು ಅವಳು ಕೇಸ್ ಡೈರಿಯಲ್ಲಿ ಬರೆದು ಸಹಿ ಹಾಕಿದಳು. ಯಾಕೆಂದು ಮೇಲಿನವರು ಕೇಳಿದರೆ ಉತ್ತರ ಕೊಡಲು ಸಿದ್ಧಳಿದ್ದಳು. ಯಾರೂ ಕೇಳಲಿಲ್ಲ.

ಡಿಸೆಂಬರ್ 4. ಮಲಕ್‌ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸಾಮಾನ್ಯ ಗ್ಯಾಲರಿಯ ಕಟಕಟೆಗೆ ಒರಗಿ ಪ್ರಹ್ಲಾದ ನಿಂತಿದ್ದ, ಒಂದು ಪಕ್ಕದಲ್ಲಿ ಮಫ್ತಿಯಲ್ಲಿ ಬಂಡೆಪ್ಪ, ಇನ್ನೊಂದು ಪಕ್ಕದಲ್ಲಿ ಹಸಿರು ಸೀರೆಯುಟ್ಟ ಶಿವದೇವಿ. ಸಂಜೆ 4.20ಕ್ಕೆ ಗೇಟು ತೆರೆಯಿತು. ಹದಿನಾಲ್ಕು ಕುದುರೆಗಳು ಒಂದೇ ಮುದ್ದೆಯಾಗಿ ಆಚೆಯ ತಿರುವು ದಾಟಿದವು. ಸುಲ್ತಾನ ಏಳನೆಯದಾಗಿತ್ತು, ನೇರ ದಾರಿಗೆ ಬಂದಾಗ ನಾಲ್ಕನೆಯದು. ಬಂಡೆಪ್ಪ ತಾನು ಸರ್ಕಾರಿ ಕೆಲಸದ ಮೇಲೆ ಇರುವುದನ್ನು ಮರೆತು ಕೂಗುತ್ತಿದ್ದ. ಕೊನೆಯ ನೂರು ಮೀಟರಿನಲ್ಲಿ ಕೆಂಪು ಕುದುರೆ ಹೊರಗಿನಿಂದ ಬಂತು, ಗೆಲುವಿನ ಕಂಬ ದಾಟುವಾಗ ಕುತ್ತಿಗೆಯಷ್ಟು ಮುಂದಿತ್ತು.

ಶಿವದೇವಿ ಪಕ್ಕಕ್ಕೆ ನೋಡಿದಳು. ಪ್ರಹ್ಲಾದ ಓಟವನ್ನು ನೋಡಿಯೇ ಇರಲಿಲ್ಲ. ಕಣ್ಣು ಮುಚ್ಚಿ ಕಟಕಟೆ ಹಿಡಿದು ನಿಂತಿದ್ದ. ಗದ್ದಲ ತುಸು ಇಳಿದ ಮೇಲೆ ಮೈಕು ಗೆದ್ದ ಕುದುರೆಯ ವಿವರ ಓದಿತು. ಸಿಲಿಕಾನ್ ಸುಲ್ತಾನ್. ತಂದೆ ನೌಬತ್. ತಾಯಿ ಗುಲ್‌ಮೊಹರ್. ಹಿಂದಿನ ಮೆಟ್ಟಿಲ ಮೇಲೆ ಯಾರೋ ವಯಸ್ಸಾದವರು, ಅರೆ, ನಮ್ಮ ನೌಬತ್‌ನ ಮಗನಾ ಇದು ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಆಗ ಮುದುಕ ಕಣ್ಣು ತೆರೆದ.

4.50ಕ್ಕೆ, ಗೇಟಿನ ಹೊರಗೆ ನಿಲ್ಲಿಸಿದ್ದ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ದಸ್ತಗಿರಿಯ ವಿವರ ತುಂಬಿಸಿದರು. ಪ್ರಹ್ಲಾದ ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ. ಬೇಡಿ ಬೇಕಿಲ್ಲ ಎಂದಳು ಶಿವದೇವಿ. ಆಮೇಲೆ ಒಂದು ಪ್ರಶ್ನೆ ಕೇಳಿದಳು, ಅದನ್ನು ಅಷ್ಟು ದಿನ ಬೇಕೆಂದೇ ಉಳಿಸಿಕೊಂಡಿದ್ದಳು.

“ಯಾಕ ಮಾಡಿದ್ರಿ ಅಂತ ಡೈರಿಯೊಳಗ ಬರೀಬೇಕು. ಏನಂತ ಬರೀಲಿ?”

ಅವನು ಬಿಟ್ಟು ಬಿಟ್ಟು ಹೇಳಿದ. ನೌಬತ್ ಓಟ ನಿಲ್ಲಿಸಿದ ವರ್ಷವೇ ವಿದೇಶಿ ಗಂಡು ಕುದುರೆಗಳ ಹುಚ್ಚು ಹತ್ತಿತು. ಹದಿನಾರು ವರ್ಷದಲ್ಲಿ ಅದರ ಪಾಲಿಗೆ ಬಂದದ್ದು ಹನ್ನೊಂದು ಹೆಣ್ಣು, ಬೇರೆಯವರು ಬೇಡವೆಂದವು. ಒಳ್ಳೆಯ ತಳಿಯ ಕುದುರೆಗಳನ್ನು ಅದರ ಬಾಗಿಲ ಮುಂದಿನಿಂದಲೇ ಕಿಲ್ಲೇದಾರನ ಕಡೆ ನಡೆಸಿಕೊಂಡು ಹೋಗಬೇಕಿತ್ತು, ನಡೆಸುತ್ತಿದ್ದವನು ಪ್ರಹ್ಲಾದ. ನೌಬತ್ ಪ್ರತಿಸಲ ಕತ್ತೆತ್ತಿ ನೋಡುತ್ತಿತ್ತು. ಕೊನೆಕೊನೆಗೆ ಎತ್ತುತ್ತಿರಲಿಲ್ಲ.

“ನನಗ ಶಿಕ್ಷಾ ಆಗಲಿ ತಾಯಿ, ತಪ್ಪು ಮಾಡೀನಿ,” ಎಂದ. “ಆದ್ರ ಈ ಹುಡುಗ ಐದ ಸಲ ಗೆದ್ದಾಗ ಐದೂ ಸಲ ಮೈಕಿನ್ಯಾಗ ಕಿಲ್ಲೇದಾರನ ಮಗ ಅಂದ್ರು. ನಾ ಇಲ್ಲೇ ನಿಂತ ಕೇಳಿದೆ, ಬಾಯಿ ಬಿಡಾಕ ಆಗಲಿಲ್ಲ. ಅದಕ್ಕಿಂತ ದೊಡ್ಡ ಜೇಲ್ ಯಾವುದೈತ್ರಿ?”

ಶಿವದೇವಿ ಡೈರಿಯಲ್ಲಿ ಆ ಮಾತನ್ನು ಅವನು ಹೇಳಿದ ಹಾಗೆಯೇ ಬರೆದಳು. ಪ್ರಹ್ಲಾದ ಜೀಪಿನ ಹಿಂದಿನ ಸೀಟಿನಲ್ಲಿ ಬಂಡೆಪ್ಪನ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತ. ರಸ್ತೆಯ ತುಂಬ ರೇಸು ಮುಗಿಸಿ ಬರುವ ಜನ, ಜೀಪು ಅವರ ನಡುವೆ ನಿಧಾನವಾಗಿ ಹೋಗಬೇಕಾಯಿತು, ಅವನು ಅವರನ್ನೆಲ್ಲ ತಲೆ ಎತ್ತಿ ನೋಡುತ್ತಿದ್ದ.